ನರೆಗೆ ಯಾರ ಅಪ್ಪಣೆ ಬೇಕು?

ಡೈ ಹಚ್ಚುವುದನ್ನು ನಿಲ್ಲಿಸಿದ ಹೆಂಗಸನ್ನು ಕಂಡರೆ ನಮ್ಮವರ ಬಾಯಿಗೆ ಮೊದಲು ಬರುವ ಮಾತು, ‘ಯಾಕ್ರೀ, ಹುಷಾರಿಲ್ವಾ?’ ಹುಷಾರಾಗಿಯೇ ಇದ್ದೇನೆ ಎಂದರೆ, ‘ಮತ್ತೆ ಮನೇಲೇನಾದ್ರೂ ತೊಂದ್ರೆನಾ?’ ಅದೂ ಇಲ್ಲ ಎಂದಾಗ ಬುದ್ಧಿವಾದ ಶುರುವಾಗುತ್ತದೆ: ‘ಇನ್ನೂ ಐವತ್ತು ದಾಟಿಲ್ಲ, ಆಗಲೇ ಅಜ್ಜಿ ಥರ ಕಾಣ್ತೀರಿ. ಸ್ವಲ್ಪ ಮೇಂಟೇನ್ ಮಾಡಬಾರ್ದಾ?’ ಹೀಗೆ ಕೇಳುವವರು ಕೆಟ್ಟವರಲ್ಲ, ಅಕ್ಕರೆಯಿಂದಲೇ ಕೇಳುತ್ತಾರೆ. ಆದರೆ ಆ ಅಕ್ಕರೆಯ ಬುಡದಲ್ಲಿ ಒಂದು ನಂಬಿಕೆ ಬೇರುಬಿಟ್ಟಿದೆ: ತಲೆ ನರೆಯಲು ಬಿಟ್ಟ ಹೆಂಗಸು ಬದುಕಿನ ಮೇಲಿನ ಆಸೆಯನ್ನೇ ಬಿಟ್ಟವಳು. ಈ ನಂಬಿಕೆ ಸುಳ್ಳು. ಸುಳ್ಳಾಗಿರುವುದಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಇದು ಲಕ್ಷಾಂತರ ಹೆಂಗಸರ ಚರ್ಮ, ದುಡ್ಡು, ಭಾನುವಾರಗಳು ಮತ್ತು ನೆಮ್ಮದಿಯನ್ನು ತಿನ್ನುತ್ತಿದೆ. ಹಾಗಾಗಿ ಇದನ್ನು ಎದುರಿಸಿ ಮಾತಾಡಲೇಬೇಕು.

‘ಮೇಂಟೇನ್’ ಎಂಬ ಹಗುರ ಮಾತಿನಲ್ಲಿ ಹೆಂಗಸಿನಿಂದ ಏನೇನು ಬಯಸುತ್ತಿದ್ದೇವೆ ಎಂದು ಒಮ್ಮೆ ಲೆಕ್ಕ ಹಾಕಿ. ತಲೆಗೂದಲು ತಿಂಗಳಿಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಡೈ ಹಚ್ಚಿದ ಮೂರನೆಯ ವಾರಕ್ಕೆ ಬೈತಲೆಯಲ್ಲಿ ಬಿಳಿ ಗೆರೆ ಮೂಡಿರುತ್ತದೆ. ಆ ಗೆರೆಯನ್ನು ಯಾರಿಗೂ ತೋರಿಸಬಾರದು ಎಂದಾದರೆ ವರ್ಷಕ್ಕೆ 17 ಸಲ ಹಚ್ಚಬೇಕು. ಮೂವತ್ತೈದಕ್ಕೆ ಶುರುಮಾಡಿ ಅರವತ್ತೈದರವರೆಗೆ ಮುಂದುವರಿಸಿದರೆ 500 ಸಲ ದಾಟುತ್ತದೆ. ಪ್ರತಿ ಸಲವೂ ಹಳೇ ನೈಟಿ, ಕಲೆಯಾದ ಟವೆಲ್, ಹಣೆಯಂಚಿಗೆ ವ್ಯಾಸಲಿನ್, ಪ್ಲಾಸ್ಟಿಕ್ ಬಟ್ಟಲಿನಲ್ಲಿ ಕಲಸಿದ ಡೈ. ಹಿಂದಲೆ ಕನ್ನಡಿಗೆ ಕಾಣುವುದಿಲ್ಲ, ಮಗಳನ್ನು ಕರೆಯಬೇಕು. ಕಿವಿಯ ಮೇಲೆ ಬಿದ್ದ ಹನಿಯನ್ನು ಆಗಲೇ ಒರೆಸದಿದ್ದರೆ ಎರಡು ದಿನ ಹೋಗುವುದಿಲ್ಲ. ಬಚ್ಚಲಿನ ನೆಲಕ್ಕೆ ಬಿದ್ದದ್ದು ಹೋಗುವುದೇ ಇಲ್ಲ. ಇದರ ನಡುವೆ ವರಮಹಾಲಕ್ಷ್ಮಿ ಹಬ್ಬ, ಗೃಹಪ್ರವೇಶ, ನಾದಿನಿಯ ಮಗನ ಮದುವೆ ಬಂದರೆ ಮೂರು ವಾರದ ಲೆಕ್ಕವೂ ತಪ್ಪಿ ಇನ್ನೊಂದು ಸಲ. ಇಷ್ಟೆಲ್ಲ ಮಾಡಿದ್ದಕ್ಕೆ ಅವಳಿಗೆ ಸಿಗುವುದೇನು? ಯಾರೂ ಏನೂ ಅನ್ನದಿರುವುದು, ಅಷ್ಟೇ. ಐನೂರು ಸಲ ಹಚ್ಚಿದವಳು ಒಂದೇ ಒಂದು ಸಲ ಬಿಟ್ಟಾಗ ‘ಯಾಕೆ ಹೀಗಾದ್ರಿ’ ಎನ್ನುತ್ತೇವೆ.

ಆ ಬಟ್ಟಲಿನಲ್ಲಿರುವುದು ಏನು? ಕೂದಲನ್ನು ಬಹುಕಾಲ ಕಪ್ಪಾಗಿಡುವ ಬಹುತೇಕ ಡೈಗಳ ಜೀವಾಳ ಪ್ಯಾರಾಫಿನೈಲೀನ್‌ಡಯಮೀನ್, ಚರ್ಮವೈದ್ಯರ ಬಾಯಲ್ಲಿ ಪಿಪಿಡಿ. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಯೂಜೀನ್ ಶೂಲರ್ 1907ರಲ್ಲಿ ಕೃತಕ ಕೂದಲ ಬಣ್ಣ ತಯಾರಿಸಿ ಪ್ಯಾರಿಸ್ಸಿನ ಕ್ಷೌರಿಕರಿಗೆ ಮಾರತೊಡಗಿದ. 1909ರಲ್ಲಿ ಅವನು ಕಟ್ಟಿದ ಕಂಪನಿಯೇ ಇಂದಿನ ಲೋರಿಯಲ್. ಅಮೋನಿಯಾ ಕೂದಲಿನ ಹೊರಪದರವನ್ನು ಬಿಡಿಸುತ್ತದೆ, ಪಿಪಿಡಿ ಒಳಗೆ ಇಳಿಯುತ್ತದೆ, ಹೈಡ್ರೋಜನ್ ಪೆರಾಕ್ಸೈಡ್ ಅದನ್ನು ಅಲ್ಲೇ ಕಪ್ಪು ಬಣ್ಣವಾಗಿ ಮಾರ್ಪಡಿಸುತ್ತದೆ. ಇದೇ ಪಿಪಿಡಿಯನ್ನು ಅಮೆರಿಕದ ಸಂಪರ್ಕಜನ್ಯ ಚರ್ಮರೋಗ ತಜ್ಞರ ಸಂಘ 2006ರಲ್ಲಿ ‘ವರ್ಷದ ಅಲರ್ಜಿಕಾರಕ’ ಎಂದು ಸಾರಿತು. ನಮ್ಮ ದೇಶದ ಕಾನೂನೂ ಕಣ್ಣು ಮುಚ್ಚಿ ಕೂತಿಲ್ಲ. ಇಂಥ ಡೈಗಳ ಮೇಲೆ, ಮೊದಲು ಚರ್ಮದ ಮೇಲೆ ಪರೀಕ್ಷಿಸಿ ನೋಡಬೇಕು, ಹುಬ್ಬಿಗೆ ರೆಪ್ಪೆಗೆ ಹಚ್ಚಿದರೆ ಕುರುಡಾಗಬಹುದು ಎಂಬ ಎಚ್ಚರಿಕೆಯನ್ನು ಇಂಗ್ಲಿಷಿನಲ್ಲೂ ಸ್ಥಳೀಯ ಭಾಷೆಯಲ್ಲೂ ಮುದ್ರಿಸಬೇಕೆಂದು ನಿಯಮವಿದೆ. ಡಬ್ಬಿಯ ಮುಂಭಾಗದಲ್ಲಿ ನಟಿಯ ಮಿಂಚುವ ಕೂದಲು ಅಂಗೈಯಗಲ ಇರುತ್ತದೆ. ಎಚ್ಚರಿಕೆಯನ್ನು ಓದಲು ಚಾಳೀಸು ಹಾಕಿದವರಿಗೂ ಆಗುವುದಿಲ್ಲ. ಹಚ್ಚುವ ಮುನ್ನ 48 ಗಂಟೆ ಪರೀಕ್ಷೆ ಮಾಡಿ ಕಾದ ಒಬ್ಬ ಹೆಂಗಸನ್ನು ನಿಮ್ಮ ಬಳಗದಲ್ಲಿ ತೋರಿಸಿ ನೋಡೋಣ. ನಾಳೆ ಬೆಳಿಗ್ಗೆ ನಿಶ್ಚಿತಾರ್ಥ ಎಂದು ಇಂದು ರಾತ್ರಿ ಹಚ್ಚಿಕೊಳ್ಳುವವಳಿಗೆ 48 ಗಂಟೆ ಎಲ್ಲಿಂದ ಬರಬೇಕು?

ನನ್ನ ಚಿಕ್ಕಮ್ಮ ವರ್ಷಗಟ್ಟಲೆ ಹಚ್ಚಿದರು, ಏನೂ ಆಗಲಿಲ್ಲ. ಒಂದು ಸೋಮವಾರ ಎದ್ದಾಗ ರೆಪ್ಪೆಗಳು ಊದಿ ಕಣ್ಣು ಮುಚ್ಚಿಹೋಗಿದ್ದವು, ಕಿವಿಯ ಹಿಂದೆ ನೀರು ಸೋರುತ್ತಿತ್ತು, ತಲೆಯ ಚರ್ಮ ಮುಟ್ಟಿದರೆ ಕೂಗುವಷ್ಟು ಉರಿ. ಈ ಅಲರ್ಜಿಯ ದುಷ್ಟತನವೇ ಇದು. ಎಷ್ಟೋ ವರ್ಷ ಸುಮ್ಮನಿದ್ದು ಒಂದು ದಿನ ಎದ್ದು ನಿಲ್ಲುತ್ತದೆ, ಒಮ್ಮೆ ಎದ್ದರೆ ಸಾಮಾನ್ಯವಾಗಿ ಜೀವನಪೂರ್ತಿ ಬಿಡುವುದಿಲ್ಲ. ಇನ್ನು ಈ ಜನ್ಮದಲ್ಲಿ ಡೈ ಮುಟ್ಟಬೇಡಿ ಎಂದರು ಡಾಕ್ಟರು. ಚಿಕ್ಕಮ್ಮನಿಗೂ ಸಾಕಾಗಿತ್ತು. ಆದರೆ ಕೆಲವೇ ತಿಂಗಳಲ್ಲಿ ಮಗನ ನಿಶ್ಚಿತಾರ್ಥ ಬಂತು. ಬೀಗರ ಎದುರು ಹೀಗೆ ಕೂರುವುದಾ ಎಂದು ಮನೆಯಲ್ಲಿ ಒಬ್ಬರಾದ ಮೇಲೊಬ್ಬರು ಹೇಳಿದರು. ಕೊನೆಗೆ ಒಂದು ಉಪಾಯ ಸಿಕ್ಕಿತು: ‘ಕೆಮಿಕಲ್ ಬೇಡ ಬಿಡು, ಕಪ್ಪು ಮೆಹಂದಿ ಹಚ್ಕೋ, ನ್ಯಾಚುರಲ್ಲು.’ ಹಚ್ಚಿಕೊಂಡರು. ಆ ನಿಶ್ಚಿತಾರ್ಥದ ಆಲ್ಬಮ್ಮಿನಲ್ಲಿ ಹುಡುಗನ ತಾಯಿಯೇ ಇಲ್ಲ. ಊದಿದ ಮುಖಕ್ಕೆ ಒದ್ದೆ ಬಟ್ಟೆ ಹಾಕಿಕೊಂಡು ಒಳಕೋಣೆಯಲ್ಲಿ ಮಲಗಿದ್ದರು. ಬಿಳಿ ಕೂದಲಿನ ತಾಯಿಯನ್ನು ಮಂಟಪದಲ್ಲಿ ಕೂರಿಸಲು ನಾಚಿದ ಮನೆ ತಾಯಿಯೇ ಇಲ್ಲದ ನಿಶ್ಚಿತಾರ್ಥ ಮಾಡಿ ಮುಗಿಸಿತು.

ಆ ‘ನ್ಯಾಚುರಲ್’ ಮಾತಿಗೆ ಇಲ್ಲೇ ಉತ್ತರ ಕೊಟ್ಟುಬಿಡುತ್ತೇನೆ. ಮದರಂಗಿ ಸೊಪ್ಪು ಕೂದಲಿಗೆ ಕೊಡುವುದು ಕೆಂಪು, ಕಿತ್ತಳೆ. ಅದು ತಾನೇ ತಾನಾಗಿ ಕಪ್ಪು ಕೊಡುವುದಿಲ್ಲ. ನೀಲಿ ಗಿಡದ ಪುಡಿಯನ್ನು ಅದರ ಮೇಲೆ ಗಂಟೆಗಟ್ಟಲೆ ಹಚ್ಚಿದರೆ ಕಪ್ಪಿನ ಹತ್ತಿರ ಬರುತ್ತದೆ. ಅರ್ಧ ಗಂಟೆಯಲ್ಲಿ ಕಡುಕಪ್ಪು ಮಾಡುವ ‘ಮೆಹಂದಿ’ ಪ್ಯಾಕೆಟ್ಟುಗಳಲ್ಲಿ ಅನೇಕದರಲ್ಲಿ ಇರುವುದು ಅದೇ ಪಿಪಿಡಿ. ‘ಅಮೋನಿಯಾ ಇಲ್ಲ’ ಎಂದು ದೊಡ್ಡದಾಗಿ ಬರೆದ ಮಾತ್ರಕ್ಕೆ ಪಿಪಿಡಿ ಇಲ್ಲ ಎಂದಾಗುವುದಿಲ್ಲ, ಎರಡೂ ಬೇರೆ ಬೇರೆ ವಸ್ತುಗಳು. ಹೀಗೆ ವರ್ಷಗಟ್ಟಲೆ ಹಚ್ಚಿದ ಕೆಲವರಿಗೆ ಹಣೆಯಂಚು, ಕೆನ್ನೆ, ಕುತ್ತಿಗೆಯ ಚರ್ಮ ಕಪ್ಪಿಡುತ್ತದೆ. ಅದನ್ನು ಮುಚ್ಚಲು ಬಿಳುಪಿನ ಕ್ರೀಮು ಕೊಳ್ಳುತ್ತಾರೆ. ತಲೆಗೆ ಕಪ್ಪು, ಮುಖಕ್ಕೆ ಬಿಳಿ ಎಂದು ಒಂದೇ ದೇಹಕ್ಕೆ ಎರಡು ನಾಚಿಕೆ ಅಂಟಿಸಿ ಎರಡು ಕಡೆಯೂ ದುಡ್ಡು ಎಣಿಸುವ ವ್ಯಾಪಾರ ಇದು.

ಈ ವ್ಯಾಪಾರದ ಇನ್ನೊಂದು ತುದಿಯಲ್ಲಿರುವ ಕೈಗಳ ಬಗ್ಗೆ ಯಾರೂ ಮಾತಾಡುವುದಿಲ್ಲ. ನಮ್ಮ ಬಡಾವಣೆಗಳ ಪಾರ್ಲರುಗಳಲ್ಲಿ ದಿನಕ್ಕೆ ಐದಾರು ತಲೆಗೆ ಡೈ ಹಚ್ಚುವ ಹುಡುಗಿಯ ಬೆರಳುಗಳನ್ನು ನೋಡಿದ್ದೀರಾ? ಉಗುರಿನ ಸುತ್ತ ಕಪ್ಪು ಇಳಿದಿರುತ್ತದೆ, ಗೆಣ್ಣುಗಳ ಮೇಲೆ ಚರ್ಮ ಒಡೆದಿರುತ್ತದೆ. ಕೈಗವಸು ಹರಿದರೂ ತೊಳೆದು ಮತ್ತೆ ಅದನ್ನೇ ಹಾಕಿಕೊಳ್ಳುತ್ತಾಳೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2010ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಮನೆಯಲ್ಲಿ ಹಚ್ಚಿಕೊಳ್ಳುವವರ ವಿಷಯದಲ್ಲಿ ತೀರ್ಮಾನಕ್ಕೆ ಬರುವಷ್ಟು ಪುರಾವೆ ಇಲ್ಲ ಎಂದಿತು. ಆದರೆ ಕೇಶವಿನ್ಯಾಸಕರು ಮತ್ತು ಕ್ಷೌರಿಕರು ಕೆಲಸದಲ್ಲಿ ಒಡ್ಡಿಕೊಳ್ಳುವ ರಾಸಾಯನಿಕಗಳನ್ನು ‘ಬಹುಶಃ ಕ್ಯಾನ್ಸರ್‌ಕಾರಕ’ ಎಂಬ ಗುಂಪಿಗೆ ಸೇರಿಸಿತು. ನಮ್ಮ ಅರ್ಥವಿಲ್ಲದ ಸಂಕೋಚಕ್ಕೆ ಇಪ್ಪತ್ತು ವರ್ಷದ ಹುಡುಗಿಯೊಬ್ಬಳು ತನ್ನ ಕೈ, ತನ್ನ ಉಸಿರು ಕೊಡಬೇಕೆ?

ನರೆಯನ್ನು ಅಶುಭ ಎನ್ನುವವರು ಸಂಪ್ರದಾಯವನ್ನು ಮುಂದೆ ತರುತ್ತಾರೆ. ಯಾವ ಸಂಪ್ರದಾಯ? ಅರಿಶಿನ ಕುಟ್ಟುವ ಶಾಸ್ತ್ರಕ್ಕೆ ಮೊದಲು ಒನಕೆ ಹಿಡಿಸುತ್ತಿದ್ದುದು ಮನೆಯ ಹಿರಿಯ ಮುತ್ತೈದೆಯ ಕೈಲಿ. ಅವಳ ತುರುಬು ಬೆಳ್ಳಗಿರುತ್ತಿತ್ತು, ಅದರ ಮೇಲೆ ಮಲ್ಲಿಗೆ ದಂಡೆ, ಬೈತಲೆಯಲ್ಲಿ ಕುಂಕುಮ. ಸೋಬಾನೆ ಹೇಳಲು, ಬಾಣಂತಿಗೆ ಎರೆಯಲು, ಮಗುವನ್ನು ತೊಟ್ಟಿಲಿಗೆ ಹಾಕಲು ಹುಡುಕುತ್ತಿದ್ದುದು ನರೆತ ತಲೆಯನ್ನೇ. ನಮ್ಮ ಮನೆಗಳ ಗೋಡೆಯ ಮೇಲಿರುವ ಮುತ್ತಜ್ಜಿಯರ ಫೋಟೊಗಳನ್ನು ನೋಡಿ, ಒಬ್ಬಳಾದರೂ ಅರವತ್ತರಲ್ಲಿ ಕಾಗೆಗಪ್ಪು ಕೂದಲಲ್ಲಿ ಇದ್ದಾಳೆಯೇ? ಬಿಳಿ ಕೂದಲಿನ ಹೆಂಗಸು ಶುಭಕಾರ್ಯಕ್ಕೆ ಒಪ್ಪುವುದಿಲ್ಲ ಎಂಬುದು ಸಂಪ್ರದಾಯವಲ್ಲ. ಜಾಹೀರಾತು ಕಲಿಸಿದ್ದನ್ನು ಹಿರಿಯರ ಬಾಯಿಗೆ ತುರುಕಿದ್ದೇವೆ.

ಹಾಗೆಂದು ಆ ಹಿಂದಿನ ಕಾಲ ಹೆಂಗಸಿನ ಕೂದಲನ್ನು ಗೌರವಿಸಿತ್ತು ಎಂದು ನಾನು ಹೇಳಲಾರೆ. ಗಂಡ ಸತ್ತರೆ ತಲೆ ಬೋಳಿಸುತ್ತಿದ್ದ ಮನೆಗಳು ಇದೇ ನಾಡಿನಲ್ಲಿದ್ದವು. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಓದಿದವರಿಗೆ, ಪ್ರೇಮಾ ಕಾರಂತರು ಅದನ್ನು ಸಿನಿಮಾ ಮಾಡಿದ್ದನ್ನು ನೋಡಿದವರಿಗೆ ಅದನ್ನು ವಿವರಿಸಬೇಕಿಲ್ಲ. ಕೂದಲು ಅವಳ ತಲೆಯ ಮೇಲಿದ್ದರೂ ಅದು ಇರಬೇಕೋ ಬೇಡವೋ ಎನ್ನುವುದನ್ನು ಬೇರೆಯವರು ತೀರ್ಮಾನಿಸುತ್ತಿದ್ದರು. ಇಂದು ಯಾವ ಬಣ್ಣದಲ್ಲಿ ಇರಬೇಕು ಎಂಬುದನ್ನು ಬೇರೆಯವರು ತೀರ್ಮಾನಿಸುತ್ತಾರೆ. ಕತ್ತಿ ಹೋಯಿತು, ಅಧಿಕಾರ ಹೋಗಲಿಲ್ಲ.

ಗಂಡಸಿನ ನರೆಯ ಕತೆಯೇ ಬೇರೆ. ಕಾಳಿದಾಸನ ರಘುವಂಶದಲ್ಲಿ ದಶರಥನಿಗೆ ರಾಮನ ಪಟ್ಟಾಭಿಷೇಕ ನೆನಪಿಸುವುದೇ ಕಿವಿಯ ಬಳಿಯ ನರೆ. ಮಖಾದೇವ ಜಾತಕದ ಅರಸ ಒಂದು ಬಿಳಿ ಕೂದಲು ಕಂಡೊಡನೆ ತಿಳಿಸು ಎಂದು ತನ್ನ ಕ್ಷೌರಿಕನಿಗೆ ಹೇಳಿಟ್ಟಿರುತ್ತಾನೆ, ಕಂಡ ದಿನ ಸಿಂಹಾಸನವನ್ನು ಮಗನಿಗೆ ಬಿಟ್ಟು ಹೊರಡುತ್ತಾನೆ. ಗಂಡಸಿಗೆ ನರೆ ಎಂದರೆ ವಿವೇಕ, ತೂಕ, ಹಿರಿತನ. ಸಿನಿಮಾಕ್ಕೆ ಬನ್ನಿ. ತಮಿಳಿನ ಅಜಿತ್ 2011ರ ‘ಮಂಕಾತ್ತಾ’ದಿಂದ ಅರೆನರೆತ ಕೂದಲಲ್ಲೇ ನಾಯಕನಾಗಿ ಮೆರೆದರು, ಅಭಿಮಾನಿಗಳು ಆ ಕೂದಲಿಗೇ ಶಿಳ್ಳೆ ಹೊಡೆದರು. ಅಂಥ ಕೂದಲಿನ ನಾಯಕಿಯನ್ನು ಇಟ್ಟುಕೊಂಡು ಪ್ರೇಮಕತೆ ತೆಗೆಯುವ ಧೈರ್ಯ ಯಾವ ನಿರ್ಮಾಪಕನಿಗಿದೆ? ನಮ್ಮಲ್ಲಂತೂ ಇದರ ಇತಿಹಾಸ ಇನ್ನೂ ಕಹಿಯಾಗಿದೆ. 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಕುಮಾರ್ ಅವರಿಗೆ ಜೋಡಿಯಾಗಿದ್ದವರು ಪಂಡರೀಬಾಯಿ. ಇಬ್ಬರದೂ ಹೆಚ್ಚುಕಡಿಮೆ ಒಂದೇ ವಯಸ್ಸು. 1986ರ ‘ಅನುರಾಗ ಅರಳಿತು’ ಹೊತ್ತಿಗೆ ರಾಜ್‌ಕುಮಾರ್ ಇನ್ನೂ ನಾಯಕ, ಪಂಡರೀಬಾಯಿ ಅವರ ತಾಯಿ. ಒಂದೇ ಕಾಲ ಇಬ್ಬರ ಮೇಲೂ ಹಾದುಹೋಯಿತು, ಮುಪ್ಪು ಮಾತ್ರ ಒಬ್ಬರ ಪಾಲಿಗೆ ಬಂತು. ಇದನ್ನು ನೋಡಿ ಬೆಳೆದ ನಾವು ಮನೆಯಲ್ಲೂ ಅದನ್ನೇ ಆಡುತ್ತೇವೆ. ಅಪ್ಪನ ಬಿಳಿ ಗಡ್ಡಕ್ಕೆ ‘ಸಾಲ್ಟ್ ಆಂಡ್ ಪೆಪ್ಪರ್, ಸೂಪರ್ ಅಪ್ಪಾ’ ಎನ್ನುವ ಮಗ, ಅಮ್ಮನ ಬೈತಲೆ ನೋಡಿ ‘ಪೇರೆಂಟ್ಸ್ ಮೀಟಿಂಗಿಗೆ ಹೀಗೇ ಬರ್ತೀಯಾ?’ ಎನ್ನುತ್ತಾನೆ.

ಮನೆಯಿಂದ ಹೊರಗೆ ಹೋದರೆ ಒತ್ತಡ ಲಿಖಿತ ನಿಯಮವಾಗುತ್ತದೆ. 2022ರ ನವೆಂಬರಿನಲ್ಲಿ ಏರ್ ಇಂಡಿಯಾ ತನ್ನ ವಿಮಾನ ಸಿಬ್ಬಂದಿಗೆ ಕೊಟ್ಟ ಸೂಚನೆಗಳಲ್ಲಿ, ನರೆತ ಕೂದಲಿಗೆ ತಪ್ಪದೆ ಸಹಜ ಬಣ್ಣ ಹಚ್ಚಿರಬೇಕು ಎಂಬುದೂ ಒಂದಾಗಿತ್ತು. ಹುಟ್ಟಿದ ಕೂದಲು ತಾನಾಗಿ ಪಡೆಯುವ ಬಣ್ಣ ಅಸಹಜ, ಡಬ್ಬಿಯಿಂದ ಬಂದದ್ದು ಸಹಜ! ವಿಮಾನದಲ್ಲಿ ಪ್ರಯಾಣಿಕರ ಜೀವ ಕಾಯುವ ತರಬೇತಿಗೂ ತಲೆಯ ಬಣ್ಣಕ್ಕೂ ಏನು ಸಂಬಂಧ? ಅದೇ ವರ್ಷ ಕೆನಡಾದ ಸಿಟಿವಿ ವಾಹಿನಿ 35 ವರ್ಷ ದುಡಿದ ಸುದ್ದಿವಾಚಕಿ ಲೀಸಾ ಲಾಫ್ಲಾಮ್ ಅವರ ಒಪ್ಪಂದವನ್ನು ಕೊನೆಗಾಣಿಸಿತು. ಕೊರೊನಾ ಕಾಲದಲ್ಲಿ ಪಾರ್ಲರು ಮುಚ್ಚಿದ್ದಾಗ ಅವರು ಡೈ ಬಿಟ್ಟು ಬಿಳಿ ತಲೆಯಲ್ಲೇ ಸುದ್ದಿ ಓದಿದ್ದರು. ಸಂಸ್ಥೆ ಅದನ್ನು ವ್ಯಾವಹಾರಿಕ ನಿರ್ಧಾರ ಎಂದಿತು, ದೇಶದ ಜನ ಕೂದಲಿನ ಪ್ರಶ್ನೆ ಎತ್ತಿದರು. ನಮ್ಮ ಕನ್ನಡ ವಾಹಿನಿಗಳಿಗೆ ಆ ಪ್ರಶ್ನೆಯೇ ಬರುವುದಿಲ್ಲ. ತಲೆ ನರೆಯುವವರೆಗೆ ಹೆಣ್ಣುಮಕ್ಕಳನ್ನು ಸುದ್ದಿಮೇಜಿನ ಹಿಂದೆ ಉಳಿಸಿಕೊಂಡರೆ ತಾನೆ?

ಇನ್ನು ಬಾಲನೆರೆಯ ಹುಡುಗಿಯರು. ಇಪ್ಪತ್ತೈದು ತುಂಬುವ ಮುನ್ನವೇ ಅಲ್ಲಲ್ಲಿ ಬಿಳಿಯಾದವರಿಗೆ ಈ ನಂಬಿಕೆ ಮಾಡುವ ಗಾಯ ಎಲ್ಲರಿಗಿಂತ ಆಳ. ಕೂದಲಿನ ಬುಡದಲ್ಲಿ ಬಣ್ಣ ಕೊಡುವ ಜೀವಕೋಶಗಳು ಕೆಲಸ ನಿಲ್ಲಿಸುವುದಕ್ಕೆ ಹೆಚ್ಚಾಗಿ ವಂಶವಾಹಿ ಕಾರಣ. ಐಆರ್‌ಎಫ್4 ಎಂಬ ಜೀನಿಗೂ ನರೆಗೂ ನಂಟಿದೆ ಎಂದು 2016ರಲ್ಲಿ ಗುರುತಿಸಿದ್ದೂ ಆಗಿದೆ. ಕೆಲವರಲ್ಲಿ ಬಿ12 ಕೊರತೆ, ಥೈರಾಯ್ಡ್ ಕಾರಣವಿರಬಹುದು, ರಕ್ತ ಪರೀಕ್ಷೆ ಮಾಡಿಸಬೇಕು. ಆದರೆ ಹುಡುಗಿಗೆ ಹೇಳುವುದೇನು? ಎಣ್ಣೆ ಹಚ್ಚಲ್ಲ, ಶಾಂಪೂ ಬದಲಾಯಿಸ್ತಾಳೆ, ಮೊಬೈಲ್ ನೋಡ್ತಾಳೆ. ಎಲ್ಲವೂ ಅವಳದೇ ತಪ್ಪು. ಹೆಣ್ಣು ನೋಡಲು ಬರುವ ಹಿಂದಿನ ದಿನ ಹಚ್ಚಿಸುತ್ತಾರೆ, ಮದುವೆಯಾದ ಮೇಲೆ ಗಂಡನಿಗೆ ಗೊತ್ತಾಗದಂತೆ ಬಚ್ಚಲಿನಲ್ಲಿ ಹಚ್ಚಿಕೊಳ್ಳುವವರೂ ಇದ್ದಾರೆ. ದಾಂಪತ್ಯವನ್ನು ಹೀಗೆ ಮುಚ್ಚುಮರೆಯಿಂದ ಶುರುಮಾಡಿಸುವ ಹಿರಿಯರು ಯಾವ ಮುಖದಿಂದ ಅಕ್ಷತೆ ಹಾಕುತ್ತಾರೆ?

‘ಅವರವರ ಇಷ್ಟ ಕಣ್ರೀ, ಹಚ್ಚಿಕೊಳ್ಳೋರನ್ನ ಬೈಬೇಡಿ’ ಎಂಬ ಮಾತನ್ನು ಈಗಲೇ ಕೇಳುತ್ತಿದ್ದೇನೆ. ಹಚ್ಚಿಕೊಳ್ಳುವವರನ್ನು ನಾನು ಬೈಯುತ್ತಿಲ್ಲ. ಹಬ್ಬಕ್ಕೆ ಸೀರೆ ಆರಿಸಿದಂತೆ ನಗುನಗುತ್ತಾ ಬಣ್ಣ ಆರಿಸುವವಳ ಸಂತೋಷ ಅವಳದು. ಆದರೆ ಇಷ್ಟ ಎನ್ನಬೇಕಾದರೆ ಬಿಡುವ ದಾರಿಯೂ ಅಷ್ಟೇ ಸಲೀಸಾಗಿರಬೇಕು. ಹಚ್ಚಿದರೆ ಮೌನ, ಬಿಟ್ಟರೆ ಕೆಲಸಕ್ಕೆ ಕುತ್ತು, ಬೀಗರ ಮಾತು, ಮಕ್ಕಳ ಮುಜುಗರ ಎಂದಾದರೆ ಅಲ್ಲಿ ಇಷ್ಟ ಎಲ್ಲಿದೆ? ಅಲರ್ಜಿ ಆದವಳೂ, ಉರಿ ತಡೆಯಲಾರದವಳೂ, ಕಿಮೋಥೆರಪಿ ಮುಗಿಸಿ ಹೊಸ ಕೂದಲು ಬಂದವಳೂ ‘ಇನ್ನೊಂದು ಸಲ’ ಎಂದು ಹಚ್ಚುತ್ತಾರೆ. ಇದನ್ನು ಆತ್ಮವಿಶ್ವಾಸ ಎಂದು ಕರೆದು ಮಾರುವವರಿಗೆ ಕೇಳುತ್ತೇನೆ: ಮೂರು ವಾರಕ್ಕೊಮ್ಮೆ ಮುಗಿದುಹೋಗುವುದು ಎಂಥ ವಿಶ್ವಾಸ?

ಡೈ ಬಿಡುವುದು ಒಂದು ದಿನದ ಕೆಲಸವಲ್ಲ, ಇದನ್ನು ಸುತ್ತಲಿನವರು ತಿಳಿಯಬೇಕು. ಹೆಗಲಿನವರೆಗಿನ ಕೂದಲು ಬುಡದಿಂದ ತುದಿಯವರೆಗೆ ತನ್ನ ಬಣ್ಣಕ್ಕೆ ಬರಲು ಎರಡು ವರ್ಷ ಹಿಡಿಯುತ್ತದೆ. ಸೊಂಟದವರೆಗೆ ಜಡೆ ಇದ್ದವರಿಗೆ ಐದು ವರ್ಷ ದಾಟುತ್ತದೆ. ಅಷ್ಟು ಕಾಲ ತಲೆಯ ಮೇಲೆ ಮೂರು ಪಟ್ಟೆ: ಬೈತಲೆಯ ಬಳಿ ಬಿಳಿ, ಮಧ್ಯೆ ಬಣ್ಣ ಇಳಿದು ತಾಮ್ರದಂತಾದ ಕೆಂಪು, ತುದಿಯಲ್ಲಿ ಕಪ್ಪು. ಸುತ್ತಲಿನವರ ಹಿಂಸೆ ಉತ್ತುಂಗಕ್ಕೇರುವುದು ಈ ಅವಧಿಯಲ್ಲೇ. ಮೂರನೆಯ ತಿಂಗಳಿಗೆ ಸೋಲುವವರು ಎಷ್ಟೋ ಮಂದಿ. ಅವರು ಕೂದಲಿಗೆ ಸೋತವರಲ್ಲ, ನಮ್ಮ ನಾಲಗೆಗೆ ಸೋತವರು. ಬಿಟ್ಟರೆ ಪೂರ್ತಿ ಬಿಟ್ಟು ‘ನೀಟಾಗಿ’ ಕಾಣಬೇಕಂತೆ. ಎರಡು ವರ್ಷ ಬಿಳಿ-ಕಪ್ಪು ಬೆರೆತಿರದೆ ಪೂರ್ತಿ ಬಿಳಿಯಾಗುವುದು ಹೇಗೆ?

ಆದ್ದರಿಂದ ಬದಲಾಗಬೇಕಾದವರು ಡೈ ಬಿಟ್ಟ ಹೆಂಗಸರಲ್ಲ, ಉಳಿದ ನಾವು. ಕೂದಲಿನ ಬಣ್ಣವನ್ನು ನೌಕರಿಯ ಷರತ್ತು ಮಾಡಿದ ಕಂಪನಿಗಳು ಆ ಸಾಲನ್ನು ಕೈಪಿಡಿಯಿಂದ ಅಳಿಸಬೇಕು, ಕಾರ್ಮಿಕ ಸಂಘಟನೆಗಳು ಅದನ್ನು ಬೇಡಿಕೆಪಟ್ಟಿಗೆ ಸೇರಿಸಬೇಕು. ಡಬ್ಬಿಯ ಮೇಲಿನ ಎಚ್ಚರಿಕೆ ನಟಿಯ ಚಿತ್ರದಷ್ಟೇ ದೊಡ್ಡದಾಗಿ, ಕನ್ನಡದಲ್ಲಿ, ಮುಂಭಾಗದಲ್ಲೇ ಇರಬೇಕು. ನಿಯಮ ಇದೆ ಎಂದು ಕೈ ತೊಳೆದುಕೊಂಡ ಅಧಿಕಾರಿಗಳು ಅಂಗಡಿಗೆ ಬಂದು ಕಪ್ಪು ಮೆಹಂದಿಯ ಪ್ಯಾಕೆಟ್ಟುಗಳನ್ನು ಪರೀಕ್ಷೆಗೆ ಒಯ್ಯಬೇಕು. ಪಾರ್ಲರಿನ ಮಾಲೀಕರು ಪ್ರತಿ ತಲೆಗೂ ಹೊಸ ಕೈಗವಸು ಕೊಡಬೇಕು. ಧಾರಾವಾಹಿ ಮಾಡುವವರು ಕಪ್ಪು ತುರುಬಿನ ಐವತ್ತರ ಅತ್ತೆಯರನ್ನು ಸಾಕುಮಾಡಿ, ನರೆತ ತಲೆಯ ಹೆಣ್ಣನ್ನು ವಕೀಲಳಾಗಿ, ಪ್ರೇಮಿಯಾಗಿ, ನಾಯಕಿಯಾಗಿ ತೋರಿಸಬೇಕು. ಬೀಗರಾಗಲಿರುವವರು ಹುಡುಗಿಯ ತಾಯಿಯ ತಲೆ ನೋಡುವುದನ್ನು ಬಿಟ್ಟು ತಮ್ಮ ಮಗನ ನಡತೆ ನೋಡಿಕೊಳ್ಳಬೇಕು. ಗಂಡಂದಿರು, ಮಕ್ಕಳು ಎರಡು ವರ್ಷ ಬಾಯಿ ಬಿಗಿಹಿಡಿಯಬೇಕು, ನೆಂಟರು ಬಾಯಿ ತೆರೆದರೆ ಅವಳ ಪರವಾಗಿ ತೆರೆಯಬೇಕು. ಈಗ ಮೂರು ಪಟ್ಟೆಯ ತಲೆಯಲ್ಲಿರುವ ಅಕ್ಕಂದಿರೇ, ಮುಗಿಯುವವರೆಗೆ ಮನೆಯಲ್ಲಿ ಅಡಗಬೇಡಿ. ಮುಂದಿನ ಮದುವೆಗೆ ಹೀಗೇ ಹೋಗಿ, ಹೂ ಮುಡಿದು ಮುಂದಿನ ಸಾಲಿನಲ್ಲಿ ಕೂರಿ, ಫೋಟೊಗೆ ಕರೆದರೆ ಮೊದಲು ಹೋಗಿ ನಡುವೆ ನಿಲ್ಲಿ.